ಅಪ್‌ಡೇಟ್ 35% ತನಕ ಹೋಗಿ ವಾಪಸ್ ಬರುತ್ತಿದೆ, ಸಿ ಡ್ರೈವ್‌ನಲ್ಲಿ ಜಾಗ ಬೇಕಾದಷ್ಟಿದೆ, ಫಾರ್ಮ್ಯಾಟ್ ಮಾಡುವಂತಿಲ್ಲ

ಬೆಟಗೇರಿ_ಡಿಟಿಪಿ | ಬುಧವಾರ, ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ. ಬೆಟಗೇರಿಯಲ್ಲಿ ನಮ್ಮದು ಸಣ್ಣ ಡಿಟಿಪಿ ಅಂಗಡಿ. ಅಪ್ಪ ಮೊದಲು ಅಚ್ಚುಮೊಳೆ ಜೋಡಿಸುತ್ತಿದ್ದರು, ಈಗ ನಾನು ಕಂಪ್ಯೂಟರ್ ಮುಂದೆ ಕೂರುತ್ತೇನೆ. ಲಗ್ನಪತ್ರಿಕೆ, ಪುಣ್ಯಸ್ಮರಣೆ ಕಾರ್ಡು, ಬಿಲ್ ಬುಕ್, ಜಾತ್ರೆ ಪಾಂಪ್ಲೆಟ್, ಇದೇ ಕೆಲಸ. ಇರುವುದು ಒಂದೇ ಕಂಪ್ಯೂಟರ್. ಮೂರು ವಾರದಿಂದ ಅದು ನಿದ್ದೆ ಕೆಡಿಸಿದೆ.

ವಿಂಡೋಸ್ 11 ಇದೆ. ತಿಂಗಳ ಅಪ್‌ಡೇಟ್ ಡೌನ್‌ಲೋಡ್ ಆಗುತ್ತದೆ, ಇನ್‌ಸ್ಟಾಲ್ ಪೂರ್ತಿ ಆಗಿ ರೀಸ್ಟಾರ್ಟ್ ಕೇಳುತ್ತದೆ. ರೀಸ್ಟಾರ್ಟ್ ಮಾಡಿದರೆ ಚಕ್ರ ತಿರುಗುತ್ತಾ 35% ತನಕ ಹೋಗುತ್ತದೆ. ಅಲ್ಲಿ ನಿಲ್ಲುತ್ತದೆ. ಆಮೇಲೆ ಏನೋ ಸರಿಯಾಗಲಿಲ್ಲ, ಮಾಡಿದ್ದನ್ನು ವಾಪಸ್ ತೆಗೆಯುತ್ತಿದ್ದೇವೆ, ಕಂಪ್ಯೂಟರ್ ಆಫ್ ಮಾಡಬೇಡಿ ಅಂತ ಇಂಗ್ಲಿಷ್‌ನಲ್ಲಿ ಬರುತ್ತದೆ. ಹಳೇ ಸ್ಥಿತಿಗೆ ಬರಲು ಮುಕ್ಕಾಲು ಗಂಟೆ. ಹೀಗೆ ನಾಲ್ಕು ಸಲ ಆಯಿತು. ಹಿಸ್ಟರಿಯಲ್ಲಿ ಕಾಣುವ ಕೋಡ್ 0ಎಕ್ಸ್800ಎಫ್0922.

ಸಿ ಡ್ರೈವ್‌ನಲ್ಲಿ 92 ಜಿಬಿ ಖಾಲಿ ಇದೆ. ಟ್ರಬಲ್‌ಶೂಟರ್ ಓಡಿಸಿದೆ, ಏನೂ ಹೇಳಲಿಲ್ಲ. ಇಲ್ಲಿನ ಒಂದು ಅಂಗಡಿಯಲ್ಲಿ ಕೇಳಿದೆ, ಫಾರ್ಮ್ಯಾಟ್ ಬಿಟ್ಟು ಬೇರೆ ದಾರಿ ಇಲ್ಲ ಅಂದರು.

ಫಾರ್ಮ್ಯಾಟ್ ಮಾಡಲು ನನಗೆ ಆಗುವುದಿಲ್ಲ. ಹಳೇ ಗಿರಾಕಿಗಳ ಫೈಲೆಲ್ಲ ಪೇಜ್‌ಮೇಕರ್ 7 ಅನ್ನುವ ಹಳೇ ಪುಟ ಜೋಡಿಸುವ ಸಾಫ್ಟ್‌ವೇರ್‌ನಲ್ಲಿವೆ. ಅದರ ಸಿಡಿ ಈಗ ಕೈಯಲ್ಲಿಲ್ಲ. ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರ್‌ನ ಹಳೇ ಫಾಂಟ್‌ಗಳು, ಬೇರೆ ಬೇರೆ ಕಡೆಯಿಂದ ಕೂಡಿಸಿಟ್ಟ ಬಾರ್ಡರ್, ದೇವರ ಚಿತ್ರ, ಎಲ್ಲ ಇದರಲ್ಲೇ. ಲಗ್ನದ ಸೀಜನ್ ಬೇರೆ. ದಯವಿಟ್ಟು ದಾರಿ ಹೇಳಿ.

ಲಕ್ಷ್ಮೇಶ್ವರ_ಝೆರಾಕ್ಸ್ | ಬುಧವಾರ, ಬೆಳಿಗ್ಗೆ 10:05

ಅಕ್ಕಾರ, ನನ್ನದೂ ಇದೇ ಕಥೆ, ಇದೇ ಕೋಡ್. ನಾನು ಅಪ್‌ಡೇಟ್ ಬಂದ್ ಮಾಡಿ ಇಟ್ಟಿದ್ದೇನೆ. ಐದು ವಾರ ಮುಂದೂಡಬಹುದು, ಮುಗಿದ ಮೇಲೆ ಮತ್ತೆ ಅದೇ ಗೋಳು. ಯಾರಾದರೂ ಹೇಳಿದರೆ ನಾನೂ ಮಾಡುತ್ತೇನೆ. ಈ ಮಾತು ಎಲ್ಲಿಗೆ ಹೋಗುತ್ತದೆ ನೋಡುತ್ತಿರುತ್ತೇನೆ.

ಬ್ಯಾಡಗಿ_ಲೆಕ್ಕ | ಬುಧವಾರ, ಬೆಳಿಗ್ಗೆ 11:20

ನಮ್ಮ ಅಡತಿ ಅಂಗಡಿಯ ಕಂಪ್ಯೂಟರ್‌ನಲ್ಲಿ ಹೋದ ವರ್ಷ ಅಪ್‌ಡೇಟ್ ನಿಂತಿತ್ತು. ಸಿ ಡ್ರೈವ್, ವಿಂಡೋಸ್ ಒಳಗೆ ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್ ಅಂತ ಫೋಲ್ಡರ್ ಇರುತ್ತದೆ. ಅಪ್‌ಡೇಟ್ ಸರ್ವಿಸ್ ನಿಲ್ಲಿಸಿ ಆ ಫೋಲ್ಡರಿನ ಹೆಸರು ಬದಲಿಸಿ, ಮತ್ತೆ ಶುರು ಮಾಡಿದೆವು. ಹೊಸದಾಗಿ ಡೌನ್‌ಲೋಡ್ ಆಗಿ ಸರಿಹೋಯಿತು. ಮೆಣಸಿನಕಾಯಿ ಸೀಜನ್‌ನಲ್ಲಿ ಟ್ಯಾಲಿ ನಿಂತರೆ ನಮ್ಮ ಕಥೆ ಮುಗಿದ ಹಾಗೆ, ಅದಕ್ಕೇ ನೆನಪಿದೆ. ನೀವೂ ಮಾಡಿ ನೋಡಿ.

ಬೆಟಗೇರಿ_ಡಿಟಿಪಿ | ಬುಧವಾರ, ಮಧ್ಯಾಹ್ನ 2:50

ಮಾಡಿದೆ ಅಣ್ಣಾರ. ಹೊಸದಾಗಿ ಡೌನ್‌ಲೋಡ್ ಆಯಿತು, ಮೊಬೈಲ್ ಡೇಟಾ ಇವತ್ತಿನದು ಪೂರ್ತಿ ಹೋಯಿತು. ರೀಸ್ಟಾರ್ಟ್ ಮಾಡಿದೆ. 35%. ವಾಪಸ್. ಅದೇ ಕೋಡ್. ಒಬ್ಬರು ಲಗ್ನಪತ್ರಿಕೆ ಪ್ರೂಫ್ ನೋಡಲು ಬಂದು ಅರ್ಧ ಗಂಟೆ ಕೂತು ಎದ್ದು ಹೋದರು.

ಹುಬ್ಬಳ್ಳಿ_ರಿಪೇರಿ | ಬುಧವಾರ, ಸಂಜೆ 4:15

ಅಕ್ಕಾರ, ಸ್ವಲ್ಪ ತಡೀರಿ. ಇನ್ನೊಂದು ಸಲ ಅಪ್‌ಡೇಟ್ ಕೊಡಬೇಡಿ. ಡೇಟಾ ಸುಮ್ನೆ ದಂಡ. ನಾನು ಕೊಪ್ಪಿಕರ್ ರಸ್ತೆ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ, ಹದಿನಾರು ವರ್ಷ ಆಯಿತು.

ಅಪ್‌ಡೇಟ್ ಎಲ್ಲಿ ಬಿದ್ದಿತು ಅನ್ನುವುದನ್ನು ಮೊದಲು ನೋಡಬೇಕು. ಡೌನ್‌ಲೋಡ್ ಆಗುವಾಗಲೇ ಬಿದ್ದರೆ ಬ್ಯಾಡಗಿಯವರು ಹೇಳಿದ್ದು ಸರಿಯಾದ ಔಷಧ. ನೆಟ್, ಅರ್ಧಂಬರ್ಧ ಬಂದ ಫೈಲು, ಇಂಥ ತೊಂದರೆಗೆ ಅದು. ನಿಮ್ಮದು ಡೌನ್‌ಲೋಡ್ ದಾಟಿದೆ, ವಿಂಡೋಸ್ ಒಳಗಿನ ಇನ್‌ಸ್ಟಾಲೂ ದಾಟಿದೆ. ರೀಸ್ಟಾರ್ಟ್ ಆದ ಮೇಲೆ, ವಿಂಡೋಸ್ ಇನ್ನೂ ಪೂರ್ತಿ ಏಳುವ ಮುಂಚೆ ಬೀಳುತ್ತಿದೆ. ಆ ಹೊತ್ತಿನಲ್ಲಿ ಅದು ಬೂಟ್ ಫೈಲುಗಳನ್ನು ಮುಟ್ಟುತ್ತದೆ. ಅಂದರೆ ಕಂಪ್ಯೂಟರ್ ಆನ್ ಆದ ಕೂಡಲೇ ಮೊದಲು ಓಡುವ ಫೈಲುಗಳು.

0922 ಕೋಡಿಗೆ ಮುಖ್ಯವಾಗಿ ಎರಡು ಕಾರಣ. ಒಂದು, ಅಪ್‌ಡೇಟ್ ಸರ್ವರ್ ಸಂಪರ್ಕ ಸಿಗದೇ ಇರುವುದು, ವಿಪಿಎನ್ ಇದ್ದರೆ ಜಾಸ್ತಿ. ಇನ್ನೊಂದು, ಸಿಸ್ಟಂ ಪಾರ್ಟಿಷನ್‌ನಲ್ಲಿ, ಅಂದರೆ ಬೂಟ್ ಫೈಲಿಗೆ ಅಂತ ಡಿಸ್ಕಿನಲ್ಲಿ ಬೇರೆ ಮಾಡಿಟ್ಟ ಭಾಗದಲ್ಲಿ, ಜಾಗ ಇಲ್ಲದಿರುವುದು. ನನಗೆ ಎರಡನೆಯದರ ಮೇಲೆ ಅನುಮಾನ.

ಮೂರು ವಿಷಯ ಹೇಳಿ. ಕಂಪ್ಯೂಟರ್ ಹೊಸದಾಗಿ ತಂದದ್ದೋ ಸೆಕೆಂಡ್ ಹ್ಯಾಂಡೋ? ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದ್ದೀರಾ? ವಿಂಡೋಸ್ 11 ಹೊಸದಾಗಿ ಹಾಕಿದ್ದೋ, 10ರ ಮೇಲೆ ಏರಿಸಿದ್ದೋ?

ಬೆಟಗೇರಿ_ಡಿಟಿಪಿ | ಬುಧವಾರ, ಸಂಜೆ 4:40

ಸೆಕೆಂಡ್ ಹ್ಯಾಂಡ್ ಆಫೀಸ್ ಪಿಸಿ ಸರ್. ಐ5, 8ನೇ ಜನರೇಷನ್. ತಂದಾಗ 500 ಜಿಬಿ ಹಾರ್ಡ್ ಡಿಸ್ಕ್ ಇತ್ತು, ವಿಂಡೋಸ್ 10. ಬಹಳ ನಿಧಾನ ಅಂತ ಎಸ್‌ಎಸ್‌ಡಿ ಹಾಕಿಸಿದೆ. ಅವರು ಇದ್ದದ್ದು ಇದ್ದ ಹಾಗೇ ಕ್ಲೋನ್ ಮಾಡಿ ಕೊಟ್ಟರು. ಆಮೇಲೆ ನಾನೇ 11ಕ್ಕೆ ಏರಿಸಿದೆ. ಆಗ ಏನೂ ತೊಂದರೆ ಆಗಿರಲಿಲ್ಲ.

ಹುಬ್ಬಳ್ಳಿ_ರಿಪೇರಿ | ಬುಧವಾರ, ಸಂಜೆ 5:30

ಸರಿ, ಈಗ ಚಿತ್ರ ಸಿಗುತ್ತಿದೆ.

ನಿಮ್ಮ ಎಸ್‌ಎಸ್‌ಡಿಯಲ್ಲಿ ಸಿ, ಡಿ ಅಷ್ಟೇ ಇಲ್ಲ. ಎಲ್ಲಕ್ಕಿಂತ ಮುಂದೆ ಒಂದು ಪುಟ್ಟ ಪಾರ್ಟಿಷನ್ ಇದೆ, ಇಎಫ್‌ಐ ಪಾರ್ಟಿಷನ್ ಅಂತ. ಅದಕ್ಕೆ ಡ್ರೈವ್ ಅಕ್ಷರ ಇರುವುದಿಲ್ಲ, ಹಾಗಾಗಿ ಮೈ ಕಂಪ್ಯೂಟರ್‌ನಲ್ಲಿ ಕಾಣುವುದಿಲ್ಲ. ವಿಂಡೋಸ್ 10 ಹಾಕುವಾಗ ಸಾಮಾನ್ಯವಾಗಿ ಅದು 100 ಎಂಬಿ ಇಟ್ಟುಕೊಳ್ಳುತ್ತಿತ್ತು. ಕ್ಲೋನ್ ಮಾಡಿದರೆ ಅದೇ 100 ಎಂಬಿ ಹೊಸ ಡಿಸ್ಕಿಗೂ ಬರುತ್ತದೆ. ಸಿ ಡ್ರೈವ್‌ನಲ್ಲಿ 92 ಜಿಬಿ ಖಾಲಿ ಇದ್ದರೂ ಈ 100 ಎಂಬಿಗೆ ಅದರಿಂದ ಒಂದು ಬೈಟೂ ಸಿಗುವುದಿಲ್ಲ. ಮನೆಯಲ್ಲಿ ಪಡಸಾಲೆ ದೊಡ್ಡದಿದ್ದರೇನು, ದೇವರ ಕೋಣೆಯಲ್ಲಿ ಕಾಲಿಡಲು ಜಾಗ ಇಲ್ಲದ ಹಾಗೆ.

ಮುಂಚೆ ಆಗದ್ದು ಈಗ್ಯಾಕೆ ಅಂತ ಕೇಳಬಹುದು. ಆನ್ ಆಗುವಾಗ ನಂಬಿಕೆಯ ಬೂಟ್ ಫೈಲು ಮಾತ್ರ ಓಡುವ ಹಾಗೆ ಕಾಯುವುದು ಸೆಕ್ಯೂರ್ ಬೂಟ್. ಅದಕ್ಕೆ ಬಳಸುವ ಸರ್ಟಿಫಿಕೇಟುಗಳು 2011ರವು. ಅವುಗಳ ಅವಧಿ 2026ರ ಜೂನ್‌ನಿಂದ ಒಂದೊಂದಾಗಿ ಮುಗಿಯುತ್ತದೆ. ಅದಕ್ಕೆ 2023ರ ಹೊಸ ಸರ್ಟಿಫಿಕೇಟು, ಅದರಿಂದ ಸಹಿ ಆದ ಹೊಸ ಬೂಟ್ ಮ್ಯಾನೇಜರ್ (ವಿಂಡೋಸನ್ನು ಎಬ್ಬಿಸುವ ಫೈಲು) ಅಪ್‌ಡೇಟ್ ಮೂಲಕ ಬರುತ್ತಿವೆ. ಬೂಟ್ ಮ್ಯಾನೇಜರ್ ಹೋಗಿ ಕೂರುವುದು ಈ ಪುಟ್ಟ ಪಾರ್ಟಿಷನ್‌ನಲ್ಲೇ.

ಆದರೆ ಅನುಮಾನದ ಮೇಲೆ ಏನನ್ನೂ ಅಳಿಸಬಾರದು. ಮೊದಲು ಎರಡು ಕೆಲಸ ಮಾಡಿ. ಕಮಾಂಡುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು, ನಾನು ಫೋನಿನಲ್ಲಿ ಹೇಳುವ ಹಾಗೆ ಬರೆಯುತ್ತೇನೆ.

ಸರ್ಚ್‌ನಲ್ಲಿ ಸಿಎಂಡಿ ಅಂತ ಹೊಡೆದು, ರನ್ ಆಸ್ ಅಡ್ಮಿನಿಸ್ಟ್ರೇಟರ್ ಒತ್ತಿ. ಎಸ್‌ಎಫ್‌ಸಿ, ಒಂದು ಸ್ಪೇಸ್, ಸ್ಲ್ಯಾಶ್ ಸ್ಕ್ಯಾನ್‌ನೌ. ಇದು ವಿಂಡೋಸ್ ಫೈಲುಗಳು ಸರಿ ಇವೆಯೇ ನೋಡುತ್ತದೆ. ಹತ್ತು ಹದಿನೈದು ನಿಮಿಷ ಬೇಕು.

ಆಮೇಲೆ ಸಿ, ವಿಂಡೋಸ್, ಲಾಗ್ಸ್, ಸಿಬಿಎಸ್ ಫೋಲ್ಡರಿಗೆ ಹೋಗಿ. ಅಲ್ಲಿ ಸಿಬಿಎಸ್ ಅನ್ನುವ ಲಾಗ್ ಫೈಲನ್ನು ಡೆಸ್ಕ್‌ಟಾಪಿಗೆ ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಸರ್ವಿಸಿಂಗ್‌ಬೂಟ್‌ಫೈಲ್ಸ್ ಅಂತ ಒಂದೇ ಪದವಾಗಿ ಹುಡುಕಿ. ಆ ಸಾಲಿನಲ್ಲಿ ಏನಿದೆ ಹೇಳಿ.

ಸಪ್ತಾಪುರ_ರೂಮ್4 | ಬುಧವಾರ, ಸಂಜೆ 6:10

ಸರ್, ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಧಾರವಾಡದಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದೇನೆ. ಮೊಬೈಲ್ ಹಾಟ್‌ಸ್ಪಾಟ್ ಅಷ್ಟೇ ಇರುವುದು, ದಿನಕ್ಕೆ 1.5 ಜಿಬಿ. ನನ್ನ ಲ್ಯಾಪ್‌ಟಾಪ್ ಅಪ್‌ಡೇಟ್ ಡೌನ್‌ಲೋಡ್ ಶುರುವೇ ಆಗುವುದಿಲ್ಲ. ಅಕ್ಕಾರ ತೊಂದರೆಯೇನಾ?

ಹುಬ್ಬಳ್ಳಿ_ರಿಪೇರಿ | ಬುಧವಾರ, ಸಂಜೆ 6:25

ಅಲ್ಲ ತಮ್ಮಾ, ನಿನ್ನದು ಬೇರೆ. ವೈಫೈ ಸೆಟ್ಟಿಂಗ್‌ನಲ್ಲಿ ಮೀಟರ್ಡ್ ಕನೆಕ್ಷನ್ ಆನ್ ಇರಬೇಕು. ಆನ್ ಇದ್ದರೆ ವಿಂಡೋಸ್ ತಾನಾಗಿ ದೊಡ್ಡ ಡೌನ್‌ಲೋಡ್ ಮಾಡುವುದಿಲ್ಲ. ಕಾಲೇಜಿನ ವೈಫೈಗೆ ಕನೆಕ್ಟ್ ಆದಾಗ ಅಪ್‌ಡೇಟ್ ಕೊಡು, ಮುಗಿಯುತ್ತದೆ. ಅಪ್‌ಡೇಟ್ ಕ್ಯಾಟಲಾಗ್ ಸೈಟಿನಿಂದ ಫೈಲ್ ಇಳಿಸಿ ಪೆನ್ ಡ್ರೈವ್‌ನಲ್ಲಿ ತರಬಹುದು, ಆದರೆ ಅದು ಬಹಳ ದೊಡ್ಡದು. ಕ್ಯಾಟಲಾಗ್ ಫೈಲಿನಲ್ಲಿ ಎಲ್ಲವೂ ತುಂಬಿರುತ್ತದೆ. ಲ್ಯಾಪ್‌ಟಾಪಿನಿಂದಲೇ ಮಾಡಿದರೆ ನಿನಗೆ ಬೇಕಾದಷ್ಟೇ ಇಳಿಯುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿ ಇದ್ದು ಕ್ಯಾಟಲಾಗಿನಿಂದಲೇ ತಂದರೆ ಕೆಬಿ5043080 ಅನ್ನುವ ಇನ್ನೊಂದು ಫೈಲೂ ತೋರಿಸಬಹುದು. ಎರಡನ್ನೂ ಒಂದೇ ಫೋಲ್ಡರ್‌ನಲ್ಲಿ ಇಡಬೇಕು.

ಬೆಟಗೇರಿ_ಡಿಟಿಪಿ | ಬುಧವಾರ, ರಾತ್ರಿ 8:30

ಎಸ್‌ಎಫ್‌ಸಿ ಮುಗಿಯಿತು. ಯಾವ ಫೈಲೂ ಕೆಟ್ಟಿಲ್ಲ ಅಂತ ಬಂತು.

ಲಾಗ್ ಫೈಲ್ ತೆರೆದರೆ ತಲೆ ತಿರುಗಿತು, ಲಕ್ಷ ಸಾಲು ಇರಬೇಕು. ನೀವು ಹೇಳಿದ ಪದ ಹುಡುಕಿದೆ. ಆ ಸಾಲಿನ ಕೊನೆಗೆ ಫೇಲ್ಡ್, ಎರರ್ 0ಎಕ್ಸ್70 ಅಂತಿದೆ. ಇದೇ ಸಾಲು ನಾಲ್ಕೈದು ಕಡೆ ಇದೆ, ತಾರೀಖು ನೋಡಿದರೆ ಅಪ್‌ಡೇಟ್ ಕೊಟ್ಟ ದಿನಗಳೇ. ಇದರ ಅರ್ಥ ಏನು ಸರ್?

ಹುಬ್ಬಳ್ಳಿ_ರಿಪೇರಿ | ಬುಧವಾರ, ರಾತ್ರಿ 9:00

ಅದು ಹದಿನಾರರ ಲೆಕ್ಕದ ಸಂಖ್ಯೆ. ನಮ್ಮ ಲೆಕ್ಕದಲ್ಲಿ 112. ವಿಂಡೋಸ್‌ನಲ್ಲಿ 112 ಅಂದರೆ ಡಿಸ್ಕ್‌ನಲ್ಲಿ ಜಾಗ ಸಾಲದು. ಬೂಟ್ ಫೈಲ್ ಹಾಕಲು ಹೋಗಿ ಜಾಗ ಸಿಗದೆ ವಾಪಸ್ ಬಂದಿದೆ. ಅನುಮಾನ ಹೋಯಿತು, ಇನ್ನು ಇದು ಖಾತ್ರಿ. ನಿಮ್ಮ ವಿಂಡೋಸ್ ಆರೋಗ್ಯವಾಗಿದೆ. ಫಾರ್ಮ್ಯಾಟ್ ಬೇಡವೇ ಬೇಡ.

ಹಾವೇರಿ_ಮೇಷ್ಟ್ರು | ಬುಧವಾರ, ರಾತ್ರಿ 9:20

ನಾನು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಈಗಷ್ಟೇ ನನ್ನ ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿದೆ. ಇಎಫ್‌ಐ ಪಾರ್ಟಿಷನ್ 100 ಎಂಬಿ ಇದೆ, ಆದರೆ 100% ಫ್ರೀ ಅಂತ ತೋರಿಸುತ್ತಿದೆ. ಹಾಗಾದರೆ ತುಂಬಿದೆ ಅನ್ನುವುದು ಹೇಗೆ?

ಹುಬ್ಬಳ್ಳಿ_ರಿಪೇರಿ | ಬುಧವಾರ, ರಾತ್ರಿ 9:35

ಮೇಷ್ಟ್ರೇ, ಬಹಳ ಒಳ್ಳೆಯ ಪ್ರಶ್ನೆ. ಇಲ್ಲೇ ಎಷ್ಟೋ ಜನ ಮೋಸ ಹೋಗುತ್ತಾರೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಆ ಪಾರ್ಟಿಷನ್ ಒಳಗೆ ಇಣುಕಲು ಆಗುವುದಿಲ್ಲ. ಪೂರ್ತಿ ತುಂಬಿದ್ದರೂ 100% ಫ್ರೀ ಅಂತಲೇ ತೋರಿಸುತ್ತದೆ. ಗಾತ್ರ ನೋಡಲು ಅದು ಸಾಕು, ಖಾಲಿ ಎಷ್ಟಿದೆ ಅನ್ನುವುದಕ್ಕೆ ಅದನ್ನು ನಂಬಬೇಡಿ. ನಾನೂ ಮೊದಲ ಸಲ ಅದನ್ನು ನಂಬಿ ಒಂದಿಡೀ ದಿನ ಕಳೆದಿದ್ದೆ.

ಅಕ್ಕಾರ, ನಿಜವಾದ ಲೆಕ್ಕ ಹೀಗೆ ನೋಡಿ. ಅಡ್ಮಿನಿಸ್ಟ್ರೇಟರ್ ಸಿಎಂಡಿಯಲ್ಲಿ: ಮೌಂಟ್‌ವಾಲ್, ಸ್ಪೇಸ್, ವೈ ಕೋಲನ್, ಸ್ಪೇಸ್, ಸ್ಲ್ಯಾಶ್ ಎಸ್. ಎಂಟರ್. ಇದು ಆ ಪಾರ್ಟಿಷನ್‌ಗೆ ತಾತ್ಕಾಲಿಕವಾಗಿ ವೈ ಅನ್ನುವ ಅಕ್ಷರ ಕೊಡುತ್ತದೆ. ಆಮೇಲೆ ವೈ ಕೋಲನ್, ಎಂಟರ್. ಈಗ ಡಿಐಆರ್, ಸ್ಪೇಸ್, ಸ್ಲ್ಯಾಶ್ ಎಸ್. ಉದ್ದನೆಯ ಪಟ್ಟಿ ಬರುತ್ತದೆ. ಎಲ್ಲಕ್ಕಿಂತ ಕೊನೆಯ ಸಾಲಿನಲ್ಲಿ ಬೈಟ್ಸ್ ಫ್ರೀ ಅಂತಿರುತ್ತದೆ. ಆ ಸಂಖ್ಯೆ ಹೇಳಿ. ಬರೀ ನೋಡುವುದು ಇದು, ಏನೂ ಬದಲಾಗುವುದಿಲ್ಲ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವೈ ತೆರೆಯಲು ಹೋಗಬೇಡಿ, ಅನುಮತಿ ಇಲ್ಲ ಅನ್ನುತ್ತದೆ.

ಬೆಟಗೇರಿ_ಡಿಟಿಪಿ | ಗುರುವಾರ, ಬೆಳಿಗ್ಗೆ 8:10

ರಾತ್ರಿ ಕರೆಂಟ್ ಹೋಯಿತು, ಈಗ ಮಾಡಿದೆ. ಕೊನೆಯ ಸಾಲು: 48,12,800 ಬೈಟ್ಸ್ ಫ್ರೀ. ನಲವತ್ತೆಂಟು ಲಕ್ಷ ಅಂದರೆ ಬಹಳ ಇದೆ ಅಲ್ವಾ?

ಹುಬ್ಬಳ್ಳಿ_ರಿಪೇರಿ | ಗುರುವಾರ, ಬೆಳಿಗ್ಗೆ 9:15

ಕೇಳಲು ಬಹಳ, ಆದರೆ ಇದು ಬೈಟ್ ಲೆಕ್ಕ. ಹತ್ತು ಲಕ್ಷ ಬೈಟ್ ಅಂದರೆ ಹೆಚ್ಚುಕಮ್ಮಿ ಒಂದು ಎಂಬಿ. ನಿಮ್ಮಲ್ಲಿ ಉಳಿದಿರುವುದು ಐದು ಎಂಬಿಗೂ ಕಡಿಮೆ. ಕನಿಷ್ಠ 15 ಎಂಬಿ ಆದರೂ ಬೇಕು.

ಈಗ ಜಾಗ ಮಾಡುವ ದಾರಿ. ಆ ಪಾರ್ಟಿಷನ್ ಒಳಗೆ ಇಎಫ್‌ಐ, ಮೈಕ್ರೋಸಾಫ್ಟ್, ಬೂಟ್, ಫಾಂಟ್ಸ್ ಅಂತ ಫೋಲ್ಡರ್ ಒಳಗೆ ಫೋಲ್ಡರ್ ಇದೆ. ಆ ಫಾಂಟ್ಸ್ ಒಳಗಿನ ಫೈಲುಗಳನ್ನು ಡಿಲೀಟ್ ಮಾಡಬಹುದು. ಈ ಪಾರ್ಟಿಷನ್ ತುಂಬಿದಾಗ ಮೈಕ್ರೋಸಾಫ್ಟ್ ತನ್ನ ಸಹಾಯ ಪುಟದಲ್ಲಿ ಹೇಳುವ ದಾರಿಯೂ ಇದೇ.

ಬೆಟಗೇರಿ_ಡಿಟಿಪಿ | ಗುರುವಾರ, ಬೆಳಿಗ್ಗೆ 9:22

ಸರ್, ಫಾಂಟ್ ಡಿಲೀಟ್ ಅಂದಿರಾ? ಎದೆ ಧಸಕ್ ಅಂದಿತು. ಫಾಂಟ್ ಹೋದರೆ ನನ್ನ ಅಂಗಡಿಯೇ ಹೋದ ಹಾಗೆ. ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಸಾವಿರಾರು ಕಾರ್ಡುಗಳಿವೆ. ಆ ಫಾಂಟ್ ಇಲ್ಲದಿದ್ದರೆ ತೆರೆದಾಗ ಕನ್ನಡವೇ ಕಾಣುವುದಿಲ್ಲ, ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತವೆ. ಬೇರೆ ದಾರಿ ಇದ್ದರೆ ಹೇಳಿ.

ಹುಬ್ಬಳ್ಳಿ_ರಿಪೇರಿ | ಗುರುವಾರ, ಬೆಳಿಗ್ಗೆ 9:50

ಹೆದರಬೇಡಿ. ನೀವು ಕೇಳಿದ್ದು ಒಳ್ಳೆಯದಾಯಿತು, ಯಾಕೆಂದರೆ ಇದನ್ನು ಸರಿಯಾಗಿ ತಿಳಿಯದೆ ಕೈ ಹಾಕಿದವರು ಕೆಟ್ಟಿದ್ದಾರೆ.

ನಿಮ್ಮ ನುಡಿ, ನಿಮ್ಮ ಎಲ್ಲ ಫಾಂಟ್ ಇರುವುದು ಸಿ ಡ್ರೈವ್, ವಿಂಡೋಸ್, ಫಾಂಟ್ಸ್‌ನಲ್ಲಿ. ಅದನ್ನು ನಾವು ಮುಟ್ಟುವುದೇ ಇಲ್ಲ. ನಾನು ಹೇಳುತ್ತಿರುವುದು ಇನ್ನೊಂದು ಪಾರ್ಟಿಷನ್‌ನ ಫಾಂಟ್ಸ್. ಕಂಪ್ಯೂಟರ್ ಆನ್ ಆಗುವಾಗ, ವಿಂಡೋಸ್ ಇನ್ನೂ ಎದ್ದಿಲ್ಲದಾಗ, ರಿಕವರಿ ಪರದೆಯಲ್ಲಿ ಅಕ್ಷರ ತೋರಿಸಲು ಇಟ್ಟುಕೊಂಡವು ಅವು. ಪೇಜ್‌ಮೇಕರ್‌ಗೂ ಅವಕ್ಕೂ ಸಂಬಂಧ ಇಲ್ಲ. ನಂಬಿಕೆ ಬರಬೇಕೆಂದರೆ ನೀವೇ ನೋಡಿ. ವೈ ಕೋಲನ್ ಆದ ಮೇಲೆ ಸಿಡಿ, ಸ್ಪೇಸ್, ಇಎಫ್‌ಐ, ಬ್ಯಾಕ್‌ಸ್ಲ್ಯಾಶ್, ಮೈಕ್ರೋಸಾಫ್ಟ್, ಬ್ಯಾಕ್‌ಸ್ಲ್ಯಾಶ್, ಬೂಟ್, ಬ್ಯಾಕ್‌ಸ್ಲ್ಯಾಶ್, ಫಾಂಟ್ಸ್. ಆಮೇಲೆ ಡಿಐಆರ್. ಹೆಸರುಗಳನ್ನು ಓದಿ ಹೇಳಿ.

ಬೆಟಗೇರಿ_ಡಿಟಿಪಿ | ಗುರುವಾರ, ಬೆಳಿಗ್ಗೆ 10:15

ನೋಡಿದೆ. ಸಿಎಚ್‌ಎಸ್ ಬೂಟ್, ಸಿಎಚ್‌ಟಿ ಬೂಟ್, ಜೆಪಿಎನ್ ಬೂಟ್, ಕೆಒಆರ್ ಬೂಟ್, ಮೆಯಿರಿಯೋ, ಮಾಲ್ಗುನ್, ಸಿಗೋ ಅಂತ ಇವೆ. ಎಲ್ಲದರ ಹೆಸರಿನ ಕೊನೆಗೆ ಬೂಟ್ ಅಂತಿದೆ. ಮೊದಲ ನಾಲ್ಕೇ ದೊಡ್ಡವು. ಚೀನಾ, ಜಪಾನ್, ಕೊರಿಯಾ ಅಂತ ಇರಬೇಕು ಅಲ್ವಾ? ನುಡಿಯದು ಒಂದೂ ಇಲ್ಲ. ಈಗ ಜೀವ ಬಂತು.

ಹುಬ್ಬಳ್ಳಿ_ರಿಪೇರಿ | ಗುರುವಾರ, ಬೆಳಿಗ್ಗೆ 10:40

ಸರಿಯಾಗಿ ಓದಿದಿರಿ. ಎರಡು ಬಗೆಯ ಚೀನೀ ಲಿಪಿ, ಜಪಾನಿ, ಕೊರಿಯನ್. ಆ ಲಿಪಿಗಳಲ್ಲಿ ಅಕ್ಷರ ಸಾವಿರಗಟ್ಟಲೆ, ಅದಕ್ಕೇ ಫೈಲ್ ದೊಡ್ಡವು. ಎಲ್ಲ ಸೇರಿ ಸುಮಾರು 12 ಎಂಬಿ ಸಿಗುತ್ತದೆ.

ಅಳಿಸುವ ಮುಂಚೆ ಎರಡು ಕೆಲಸ, ಬಿಡಬೇಡಿ.

ಬಿಟ್‌ಲಾಕರ್, ಅಂದರೆ ಡಿಸ್ಕಿನ ಡೇಟಾಗೆ ಹಾಕುವ ಬೀಗ, ಆನ್ ಇದೆಯೇ ನೋಡಿ. ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಆಂಡ್ ಸೆಕ್ಯೂರಿಟಿ ಒಳಗೆ ಡಿವೈಸ್ ಎನ್‌ಕ್ರಿಪ್ಷನ್ ಅಂತಿರುತ್ತದೆ. ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳದೆ ಬೂಟ್ ವಿಷಯಕ್ಕೆ ಕೈ ಹಾಕಬೇಡಿ. ಬೂಟ್ ಬದಲಾದರೆ ಅದು ಕೀ ಕೇಳಬಹುದು. ಕೀ ಇಲ್ಲದಿದ್ದರೆ ಡೇಟಾ ಸಿಗುವುದಿಲ್ಲ. ನನ್ನ ಬೆಂಚಿಗೆ ಹಾಗೆ ಬಂದ ಲ್ಯಾಪ್‌ಟಾಪ್‌ಗಳನ್ನು ಬರಿಗೈಯಲ್ಲಿ ವಾಪಸ್ ಕಳಿಸಿದ್ದೇನೆ. ಅವರ ಮುಖ ನೋಡಲು ಆಗುವುದಿಲ್ಲ.

ಇನ್ನೊಂದು, ಆ ಪಾರ್ಟಿಷನ್‌ದು ಒಂದು ಕಾಪಿ ಡಿ ಡ್ರೈವ್‌ನಲ್ಲಿ ಇಡಿ. ಎಕ್ಸ್‌ಕಾಪಿ, ಸ್ಪೇಸ್, ವೈ ಕೋಲನ್ ಬ್ಯಾಕ್‌ಸ್ಲ್ಯಾಶ್ ಇಎಫ್‌ಐ, ಸ್ಪೇಸ್, ಡಿ ಕೋಲನ್ ಬ್ಯಾಕ್‌ಸ್ಲ್ಯಾಶ್ ಇಎಫ್‌ಐಕಾಪಿ, ಆಮೇಲೆ ಸ್ಲ್ಯಾಶ್ ಇ, ಸ್ಲ್ಯಾಶ್ ಎಚ್, ಸ್ಲ್ಯಾಶ್ ಐ, ಸ್ಲ್ಯಾಶ್ ಸಿ, ಪ್ರತಿಯೊಂದರ ಮುಂದೆ ಸ್ಪೇಸ್. ಬಿಸಿಡಿ ಅನ್ನುವ ಫೈಲು ಕಾಪಿ ಆಗಲಿಲ್ಲ ಅನ್ನುತ್ತದೆ, ಅದು ಬಳಕೆಯಲ್ಲಿರುತ್ತದೆ, ಪರವಾಗಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಡಿಇಎಲ್ ಹೊಡೆಯುವ ಮುಂಚೆ ಸಾಲಿನ ಎಡಗಡೆ ಏನು ಬರೆದಿದೆ ಓದಿ. ಅಲ್ಲಿ ವೈ ಅಂತ ಶುರುವಾಗಿ ಫಾಂಟ್ಸ್ ಅಂತ ಮುಗಿಯಬೇಕು. ಅಡ್ಮಿನಿಸ್ಟ್ರೇಟರ್ ಸಿಎಂಡಿ ತೆರೆದಾಗ ನೀವು ನಿಂತಿರುವುದು ಸಿ, ವಿಂಡೋಸ್, ಸಿಸ್ಟಂ32 ಒಳಗೆ. ಮೌಂಟ್‌ವಾಲ್ ಫೇಲ್ ಆಗಿದ್ದನ್ನು ಗಮನಿಸದೆ ಮುಂದಿನ ಕಮಾಂಡು ಹೊಡೆಯುತ್ತಾ ಹೋದರೆ ನೀವು ಅಲ್ಲೇ ನಿಂತಿರುತ್ತೀರಿ. ಅಲ್ಲಿ ಎಲ್ಲ ಡಿಲೀಟ್ ಅಂದರೆ ವಿಂಡೋಸ್‌ನ ಬುಡಕ್ಕೇ ಕೊಡಲಿ. ಎಡಗಡೆ ಸಿ ಅಂತ ಕಂಡರೆ ಕೀಬೋರ್ಡ್‌ನಿಂದ ಕೈ ತೆಗೆಯಿರಿ.

ವೈ ಅಂತಲೇ ಇದ್ದರೆ: ಡಿಇಎಲ್, ಸ್ಪೇಸ್, ನಕ್ಷತ್ರ ಚುಕ್ಕಿ ನಕ್ಷತ್ರ. ಖಾತ್ರಿಯೇ ಅಂತ ಕೇಳುತ್ತದೆ, ವೈ ಒತ್ತಿ.

ಲಕ್ಷ್ಮೇಶ್ವರ_ಝೆರಾಕ್ಸ್ | ಗುರುವಾರ, ಬೆಳಿಗ್ಗೆ 11:00

ನಾನೂ ಜೊತೆಗೇ ಮಾಡುತ್ತಿದ್ದೆ. ಮೌಂಟ್‌ವಾಲ್ ಹೊಡೆದರೆ ಪ್ಯಾರಾಮೀಟರ್ ತಪ್ಪು ಅಂತ ಬಂತು. ಎಡಗಡೆ ಸಿಸ್ಟಂ32 ಅಂತಲೇ ಇತ್ತು. ನಿಮ್ಮ ಮಾತು ಓದಿದ ಕೂಡಲೇ ಕಿಟಕಿ ಮುಚ್ಚಿಬಿಟ್ಟೆ. ಇನ್ನು ಹತ್ತು ನಿಮಿಷ ತಡವಾಗಿ ಓದಿದ್ದರೆ ಡಿಲೀಟ್ ಹೊಡೆದಿರುತ್ತಿದ್ದೆ.

ಹುಬ್ಬಳ್ಳಿ_ರಿಪೇರಿ | ಗುರುವಾರ, ಬೆಳಿಗ್ಗೆ 11:10

ಅಣ್ಣಾರ, ದೇವರು ದೊಡ್ಡವನು. ಈಗ ಏನೂ ಮಾಡಬೇಡಿ. ನಿಮ್ಮದು ಹಳೇ ರೀತಿಯ ಎಂಬಿಆರ್ ಡಿಸ್ಕ್ ಇರಬೇಕು. ಅದರಲ್ಲಿ ಇಎಫ್‌ಐ ಪಾರ್ಟಿಷನ್ ಇರುವುದಿಲ್ಲ, ಸಿಸ್ಟಂ ರಿಸರ್ವ್ಡ್ ಅಂತ ಬೇರೆಯೇ ಇರುತ್ತದೆ. ಮೌಂಟ್‌ವಾಲ್‌ನ ಆ ಸ್ಲ್ಯಾಶ್ ಎಸ್ ಅಲ್ಲಿ ನಡೆಯುವುದಿಲ್ಲ. ನಿಮ್ಮದನ್ನು ಆಮೇಲೆ ನೋಡೋಣ.

ಬೆಟಗೇರಿ_ಡಿಟಿಪಿ | ಗುರುವಾರ, ಮಧ್ಯಾಹ್ನ 1:30

ಎನ್‌ಕ್ರಿಪ್ಷನ್ ಆಫ್ ಇದೆ. ಕಾಪಿ ಡಿ ಡ್ರೈವ್‌ಗೆ ಹೋಯಿತು. ಬಿಸಿಡಿ ಒಂದು ಬರಲಿಲ್ಲ, ನೀವು ಹೇಳಿದ ಹಾಗೇ. ಎಡಗಡೆಯ ಸಾಲನ್ನು ಅಪ್ಪನನ್ನು ಕರೆದು ಓದಿಸಿದೆ. ಅವರಿಗೆ ಕಂಪ್ಯೂಟರ್ ಬಾರದು, ಆದರೆ ಪ್ರೂಫ್ ಓದುವುದರಲ್ಲಿ ಅವರ ಕಣ್ಣು ತಪ್ಪುವುದಿಲ್ಲ. ವೈ ಅಂತಲೇ ಇದೆ, ಒತ್ತು ಅಂದರು. ಒತ್ತಿದೆ.

ಈಗ ಖಾಲಿ 17 ಎಂಬಿ ಹತ್ತಿರ ಬಂದಿದೆ. ಇಷ್ಟು ಸಾಕಾ? ಆ ಪಟ್ಟಿಯಲ್ಲಿ ಕಂಪ್ಯೂಟರ್ ಮಾಡಿದ ಕಂಪನಿಯ ಹೆಸರಿನ ಫೋಲ್ಡರ್ ಒಂದಿದೆ. ಅದೊಂದೇ 48 ಎಂಬಿ ತಿಂದಿದೆ. ಒಳಗೆ ಒಂದೇ ರೀತಿಯ ಎರಡು ದೊಡ್ಡ ಫೈಲು, ಒಂದರ ತಾರೀಖು ಹಳೆಯದು.

ಹುಬ್ಬಳ್ಳಿ_ರಿಪೇರಿ | ಗುರುವಾರ, ಮಧ್ಯಾಹ್ನ 2:20

ಅಲ್ಲಿದೆ ನೋಡಿ ಮೂಲ. ಚೀನೀ ಫಾಂಟುಗಳು ಮೊದಲಿನಿಂದ ಇದ್ದವು, ಅವು ತೊಂದರೆ ಕೊಟ್ಟಿರಲಿಲ್ಲ. ಆಫೀಸ್ ಪಿಸಿಗಳಲ್ಲಿ ಬಯೋಸ್, ಅಂದರೆ ಮದರ್‌ಬೋರ್ಡ್‌ನಲ್ಲೇ ಇರುವ ಸಾಫ್ಟ್‌ವೇರ್, ಅಪ್‌ಡೇಟ್ ಆದಾಗ ಅದರ ಕಾಪಿಯನ್ನು ಇದೇ ಪಾರ್ಟಿಷನ್‌ನಲ್ಲಿ ಇಟ್ಟುಕೊಳ್ಳುವ ಮಾದರಿಗಳಿವೆ. ಈಗಿನದೊಂದು, ಹಿಂದಿನದೊಂದು. 100 ಎಂಬಿಯ ಜಾಗದಲ್ಲಿ ಅರ್ಧ ಅವೇ ಕೂತಿವೆ.

17 ಎಂಬಿಯಲ್ಲಿ ಈ ತಿಂಗಳು ದಾಟಬಹುದು, ಮುಂದಿನ ತಿಂಗಳು ಮತ್ತೆ ಬರುತ್ತೀರಿ. ಕಾಪಿ ಹೇಗೂ ಡಿ ಡ್ರೈವ್‌ನಲ್ಲಿದೆ. ಒಂದನ್ನು ಪೆನ್ ಡ್ರೈವ್‌ಗೂ ಹಾಕಿ. ಆಮೇಲೆ ಹಳೇ ತಾರೀಖಿನದನ್ನು ಮಾತ್ರ ತೆಗೆಯಿರಿ. ಹೊಸದನ್ನು ಬಿಡಿ, ಬಯೋಸ್ ಕೆಟ್ಟರೆ ಅದು ಬೇಕಾಗುತ್ತದೆ. ಮೈಕ್ರೋಸಾಫ್ಟ್ ಫೋಲ್ಡರ್‌ನಲ್ಲಿ ಫಾಂಟ್ ಬಿಟ್ಟು ಬೇರೆ ಏನನ್ನೂ, ಬೂಟ್ ಅನ್ನುವ ಫೋಲ್ಡರನ್ನೂ ಮುಟ್ಟಬೇಡಿ.

ಎಲ್ಲ ಆದ ಮೇಲೆ ಸಿ ಕೋಲನ್ ಹೊಡೆದು ಹೊರಗೆ ಬನ್ನಿ. ಮೌಂಟ್‌ವಾಲ್, ವೈ ಕೋಲನ್, ಸ್ಲ್ಯಾಶ್ ಡಿ. ಕೊಟ್ಟ ಅಕ್ಷರ ವಾಪಸ್ ತೆಗೆಯುವುದು ಅದು. ಅಪ್‌ಡೇಟ್ ಕೊಡುವಾಗ ಯುಪಿಎಸ್ ಬ್ಯಾಟರಿ ಸರಿ ಇದೆಯೇ ನೋಡಿ. ಬೂಟ್ ಫೈಲ್ ಬರೆಯುವಾಗ ಕರೆಂಟ್ ಹೋದರೆ ಅದು ಬೇರೆಯೇ ಕಾಯಿಲೆ.

ಹಾವೇರಿ_ಮೇಷ್ಟ್ರು | ಗುರುವಾರ, ಸಂಜೆ 6:00

ನಮ್ಮ ಲ್ಯಾಬಿನ ಹತ್ತು ಮಷಿನ್‌ಗಳಲ್ಲಿ ವಿಂಡೋಸ್ 10 ಇದೆ, 11ಕ್ಕೆ ಬೇಕಾದ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಇಲ್ಲ, 11ಕ್ಕೆ ಹೋಗುವಂತಿಲ್ಲ. 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿತು. ಅವುಗಳಿಗೆ ಲಿನಕ್ಸ್ ಹಾಕುವ ಯೋಚನೆ ಇದೆ. ಅದಕ್ಕೆ ಬೇರೆ ಚರ್ಚೆ ತೆಗೆಯುತ್ತೇನೆ, ಇಲ್ಲಿ ಬೆರೆಸುವುದಿಲ್ಲ. ಅಕ್ಕಾರ, ನಿಮ್ಮ ಸುದ್ದಿಗೆ ಕಾಯುತ್ತಿದ್ದೇನೆ.

ಬೆಟಗೇರಿ_ಡಿಟಿಪಿ | ಗುರುವಾರ, ರಾತ್ರಿ 11:05

ಅಂಗಡಿ ಶಟರ್ ಅರ್ಧ ಇಳಿಸಿ ಕೂತು ಮಾಡಿದೆ. ಹಳೇ ಬಯೋಸ್ ಫೈಲ್ ತೆಗೆದ ಮೇಲೆ 41 ಎಂಬಿ ಖಾಲಿ ಆಯಿತು. ಅಪ್‌ಡೇಟ್ ಕೊಟ್ಟೆ. ರೀಸ್ಟಾರ್ಟ್ ಆಯಿತು. 30. ಅಲ್ಲಿ ಸ್ವಲ್ಪ ಹೊತ್ತು ನಿಂತಿತು. 34. 35. ಅಪ್ಪ ನನ್ನ ಹಿಂದೆಯೇ ನಿಂತಿದ್ದರು, ಇಬ್ಬರೂ ಮಾತಾಡಲಿಲ್ಲ. 36 ಬಂತು! ಅಪ್ಪ ಮೆಲ್ಲಗೆ ನನ್ನ ಬೆನ್ನು ತಟ್ಟಿದರು. ಆಮೇಲೆ 100ರ ತನಕ ಎಲ್ಲೂ ನಿಲ್ಲಲಿಲ್ಲ.

ಹಿಸ್ಟರಿಯಲ್ಲಿ ಸಕ್ಸಸ್‌ಫುಲಿ ಇನ್‌ಸ್ಟಾಲ್ಡ್ ಅಂತಿದೆ. ಮೊದಲು ತೆರೆದದ್ದು ಪೇಜ್‌ಮೇಕರ್. ಹಳೇ ಲಗ್ನಪತ್ರಿಕೆ ಒಂದನ್ನು ತೆಗೆದೆ. ಮೇಲಿನ ಗಣಪತಿ, ಶ್ಲೋಕ, ಒತ್ತಕ್ಷರ, ಎಲ್ಲ ಇದ್ದಲ್ಲೇ ಇವೆ. ಕಣ್ಣು ತುಂಬಿ ಬಂತು. ಹುಬ್ಬಳ್ಳಿ ಸರ್, ನಿಮ್ಮ ಉಪಕಾರ ಮರೆಯುವುದಿಲ್ಲ. ಬ್ಯಾಡಗಿ ಅಣ್ಣಾರಿಗೂ ಧನ್ಯವಾದ.

ಹುಬ್ಬಳ್ಳಿ_ರಿಪೇರಿ | ಶುಕ್ರವಾರ, ಬೆಳಿಗ್ಗೆ 9:10

ಬಹಳ ಸಂತೋಷ ಆಯಿತು ಅಕ್ಕಾರ. ತಿಂಗಳ ಅಪ್‌ಡೇಟ್ ಬರುವುದು ಎರಡನೇ ಮಂಗಳವಾರ, ನಮ್ಮಲ್ಲಿ ರಾತ್ರಿ ಹತ್ತೂವರೆ ಮೇಲೆ. ಬುಧವಾರ ಬೆಳಿಗ್ಗೆ ಅರ್ಜೆಂಟ್ ಪ್ರೂಫ್ ಇಟ್ಟುಕೊಳ್ಳಬೇಡಿ. ಬಯೋಸ್ ಅಪ್‌ಡೇಟ್ ಆದಾಗಲೆಲ್ಲ ಆ ಫೋಲ್ಡರ್ ಮತ್ತೆ ತುಂಬಬಹುದು, ಡಿಐಆರ್ ಹೊಡೆದು ನೋಡಿ. ಪಾರ್ಟಿಷನ್‌ನ್ನೇ ದೊಡ್ಡದು ಮಾಡಬಹುದು, ಆದರೆ ಅದನ್ನು ಪೂರ್ತಿ ಬ್ಯಾಕಪ್ ಇಲ್ಲದೆ ಮಾಡುವುದು ಬೇಡ. ಸೀಜನ್ ಮುಗಿದ ಮೇಲೆ ನೋಡೋಣ.

ಲಕ್ಷ್ಮೇಶ್ವರ_ಝೆರಾಕ್ಸ್ | ಶುಕ್ರವಾರ, ಬೆಳಿಗ್ಗೆ 10:30

ನನ್ನದು ಎಂಬಿಆರ್ ಅಂತ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ನೋಡಿದೆ, ಹೌದು. ಸಿಸ್ಟಂ ರಿಸರ್ವ್ಡ್ ಅಂತಲೂ ಇದೆ. ಒಬ್ಬನೇ ಕೈ ಹಾಕಲು ಈಗ ಭಯ. ಹುಬ್ಬಳ್ಳಿಗೆ ಬರಲು ಅಂಗಡಿ ಒಂದು ದಿನ ಮುಚ್ಚಬೇಕು.

ಬೆಟಗೇರಿ_ಡಿಟಿಪಿ | ಶುಕ್ರವಾರ, ಬೆಳಿಗ್ಗೆ 10:45

ಅಣ್ಣಾರ, ಭಾನುವಾರ ಸಿಪಿಯು ತೆಗೆದುಕೊಂಡು ಬೆಟಗೇರಿಗೆ ಬನ್ನಿ. ಮಾನಿಟರ್, ಕೀಬೋರ್ಡ್ ನನ್ನ ಹತ್ತಿರ ಇವೆ. ಹುಬ್ಬಳ್ಳಿ ಸರ್ ಫೋನಿನಲ್ಲಿ ಸಿಕ್ಕರೆ ಕೂತು ಒಂದೊಂದೇ ಸಾಲು ಓದಿ ಮಾಡೋಣ. ನಿಮ್ಮ ಫೈಲೆಲ್ಲ ಮೊದಲು ಕಾಪಿ ಮಾಡಬೇಕು, ದೊಡ್ಡ ಪೆನ್ ಡ್ರೈವ್ ಇದ್ದರೆ ತನ್ನಿ.

ಹುಬ್ಬಳ್ಳಿ_ರಿಪೇರಿ | ಶುಕ್ರವಾರ, ಬೆಳಿಗ್ಗೆ 11:00

ಭಾನುವಾರ ಹನ್ನೊಂದಕ್ಕೆ ಸಿಗುತ್ತೇನೆ. ನಾನು ಹೇಳುವ ತನಕ ಡಿಲೀಟ್ ಬೇಡ.